ನೆಕ್ಸ್ಟಪ್ಪನ ಕೈಚಳಕ

ಓದದೆ ಒತ್ತುವುದನ್ನೇ ಒಂದು ವಿದ್ಯೆ ಎಂದುಕೊಂಡು ಹದಿನೆಂಟು ವರ್ಷ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸಿದವನು ನಮ್ಮ ನೆಕ್ಸ್ಟಪ್ಪ. ಹೆತ್ತವರಿಟ್ಟ ಹೆಸರು ಬೇರೆ ಇತ್ತು. ಬೀದಿಯವರು ಅದನ್ನು ಯಾವತ್ತೋ ಮರೆತಿದ್ದರು. ಪರದೆಯ ಮೇಲೆ ಬಂದದ್ದು ಪ್ರಶ್ನೆಯೋ, ಷರತ್ತೋ, ಎಚ್ಚರಿಕೆಯೋ, ಅವನಿಗೆ ಎಲ್ಲ ಒಂದೇ. ಬೆರಳು ಹೋಗಿ 'ನೆಕ್ಸ್ಟ್' ಮೇಲೆ ಕೋಳಿಯ ಹಾಗೆ ಕುಕ್ಕುತ್ತಿತ್ತು. "ಓದೋದೆಲ್ಲ ಹೊಸಬರ ಕೆಲಸ ಸ್ವಾಮಿ, ನಮಗೆ ಕೈಯೇ ಹೇಳುತ್ತೆ" ಎನ್ನುತ್ತಿದ್ದ. ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಹಾಗೆ ನೋಡುವ ಜನ ನಾಲ್ಕು ಮಂದಿ ಸಿಕ್ಕಿದರೆ ಎಂಥ ದಡ್ಡನೂ ಪಂಡಿತನಾಗಿಬಿಡುತ್ತಾನೆ.

ಅಂಗಡಿಗೆ ಬರುತ್ತಿದ್ದ ಯಂತ್ರಗಳಲ್ಲಿ ಇರುತ್ತಿದ್ದುದು ಒಂದೇ ಡಿಸ್ಕು. ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್, ಅಂದರೆ ಓಎಸ್, ಹಾಕುವಾಗ ಡಿಸ್ಕಿನ ಭಾಗಗಳ ಪಟ್ಟಿ ಬಂದರೆ ಅದರಲ್ಲಿ ಕಂಡದ್ದನ್ನೆಲ್ಲ ಅಳಿಸು, ಆಮೇಲೆ ನೆಕ್ಸ್ಟ್. ಇಷ್ಟೇ ಅವನ ಶಾಸ್ತ್ರ. ಇದಕ್ಕೆ ಅವನು ಕೈಚಳಕ ಎಂದು ಹೆಸರಿಟ್ಟಿದ್ದ.

ಅವನ ಅಕ್ಕ ಕಿವಿ ಕೇಳಿಸದ ಮಕ್ಕಳ ಶಾಲೆಯಲ್ಲಿ ಟೀಚರು. ಯಾವ ಪದಕ್ಕೆ ಕೈಸನ್ನೆ ಹೇಗೆ ಮಾಡಬೇಕು ಎಂದು ತೋರಿಸುವ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದಳು. ಒಂಬತ್ತು ವರ್ಷದಲ್ಲಿ ಎರಡು ಸಾವಿರದ ಮುನ್ನೂರು ಚಿತ್ರ ಆಗಿದ್ದವು. ಮುಂದಿನ ತಿಂಗಳು ಅವು ಪುಸ್ತಕವಾಗಿ ಅಚ್ಚಿಗೆ ಹೋಗಬೇಕಿತ್ತು. ಎಲ್ಲವೂ ಇದ್ದದ್ದು ಅವಳ ಹಳೇ ಕಂಪ್ಯೂಟರಿನ ಡಿಸ್ಕಿನಲ್ಲಿ, ಅಲ್ಲಿ ಮಾತ್ರ. ಇನ್ನೊಂದು ಪ್ರತಿ ಇಟ್ಟುಕೊಳ್ಳಲೇನೋ ಎಂದು ಅವಳು ಕೇಳಿದ್ದಳು. "ನಾನಿಲ್ವಾ? ಸುಮ್ನಿರಕ್ಕ" ಎಂದಿದ್ದ ಮಹಾನುಭಾವ.

ಹಳೆಯದು ಕುಂಟುತ್ತಿತ್ತೆಂದು ಅಕ್ಕನಿಗೆ ಹೊಸ ಕಂಪ್ಯೂಟರನ್ನು ಅವನೇ ಜೋಡಿಸಿದ. ಭಾನುವಾರ ಬೆಳಿಗ್ಗೆ ಅವಳ ನಡುಮನೆಯ ಮೇಜಿನ ಮೇಲೆ ಸ್ಕ್ರೂಗಳನ್ನು ಹರಡಿಕೊಂಡು, ಹೊಸ ಡಿಸ್ಕನ್ನು ಕೂರಿಸಿ, ಚಿತ್ರಗಳಿದ್ದ ಹಳೇ ಡಿಸ್ಕನ್ನೂ ಅದರ ಪಕ್ಕಕ್ಕೇ ಸಿಕ್ಕಿಸಿದ. ಎರಡೂ ಒಂದೇ ಅಳತೆಯವು.

"ಓಎಸ್ ಹಾಕೋವಾಗ ಹಳೇದನ್ನ ಬಿಚ್ಚಿಟ್ಟಿರಬೇಕು ಅಂತ ಈ ಪುಸ್ತಕದಲ್ಲಿದೆ ಕಣೋ" ಎಂದಳು ಅಕ್ಕ. ಹೊಸ ಡಿಸ್ಕಿನ ಡಬ್ಬದ ಜೊತೆ ಬಂದ ಸೂಚನೆಗಳನ್ನು ಅವಳು ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದುತ್ತಿದ್ದಳು.

"ಆ ಪುಸ್ತಕ ಬರೆದೋನು ಒಂದಾದ್ರೂ ಕಂಪ್ಯೂಟರ್ ಬಿಚ್ಚಿದ್ದಾನಾ ಕೇಳು. ನೀನು ಹೋಗಿ ಕಾಫಿ ಮಾಡು."

ಅವಳು ಅಡುಗೆಮನೆಗೆ ಹೋದಳು. ಇವನು ಓಎಸ್ ಇದ್ದ ಪೆನ್ ಡ್ರೈವ್ ಚುಚ್ಚಿದ. ಪಟ್ಟಿ ಬಂತು. ಹೊಸ ಡಿಸ್ಕು ಖಾಲಿ ಜಾಗವೆಂದು ಒಂದೇ ಸಾಲಿನಲ್ಲಿತ್ತು. ಅದರ ಕೆಳಗೆ ಹಳೆಯದರ ಎರಡು ಭಾಗ. ಭಾಗ ಕಂಡರೆ ಸಾಕು, ಕೈಗೆ ಶಾಸ್ತ್ರ ನೆನಪಾಯಿತು. ಅಳಿಸು. ಇದರಲ್ಲಿರುವುದೆಲ್ಲ ಹೋಗುತ್ತದೆ ಎಂಬ ಎಚ್ಚರಿಕೆ ಬಂತು; ಹೂಂ ಎಂದ. ಎರಡನೆಯದನ್ನೂ ಅಳಿಸಿದ. ಅಳಿಸಿದ ಜಾಗದ ಮೇಲೇ ನಿಂತಿದ್ದ ಆಯ್ಕೆಯ ಗೆರೆಯನ್ನು ಹೊಸ ಡಿಸ್ಕಿನ ಸಾಲಿಗೆ ಸರಿಸದೆ ನೆಕ್ಸ್ಟ್ ಒತ್ತಿ, ಸಿಳ್ಳೆ ಹಾಕುತ್ತಾ ಕುರ್ಚಿಗೆ ಒರಗಿದ.

ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಅಕ್ಕನ ಚಿತ್ರಗಳನ್ನು ತೆಗೆದು ತೋರಿಸೋಣವೆಂದು ಹುಡುಕಿದ. ಇಲ್ಲ. ಡಿಸ್ಕುಗಳ ವಿವರ ತೆರೆದ. ಹೊಸದು ಕೈಮುಟ್ಟದೆ ಖಾಲಿ ಬಿದ್ದಿತ್ತು. ಓಎಸ್ ಹೋಗಿ ಕೂತಿದ್ದದ್ದು ಹಳೆಯದರಲ್ಲಿ. ಅವನು ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಪರದೆಯ ಮೇಲಿದ್ದ ಪ್ರತಿ ಅಕ್ಷರವನ್ನೂ ಓದಿದ.

ಇಲ್ಲಿಗೇ ಎಲ್ಲ ಮುಗಿದಿರಲಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಕ್ಷಣವೇ ಯಂತ್ರ ಆರಿಸಿ, ಡಿಸ್ಕಿನ ಮೇಲೆ ಮತ್ತೇನೂ ಬರೆಯದೆ ಕೊಂಡೊಯ್ದರೆ ಅಳಿಸಿಹೋದದ್ದರಲ್ಲಿ ಬಹುಪಾಲನ್ನು ಮೇಲೆತ್ತಬಹುದು. ಬಸ್ ನಿಲ್ದಾಣದ ಎದುರು ಅದೇ ಕಸುಬಿನ ಹೆಂಗಸೊಬ್ಬಳಿದ್ದಳು. ಇವನೇ ಎಷ್ಟೋ ಗಿರಾಕಿಗಳನ್ನು ಕಳಿಸಿದ್ದ. ಆದರೆ ಅವಳು ಡಿಸ್ಕು ನೋಡಿದ ಕೂಡಲೇ "ಯಾರ್ರೀ ಇದನ್ನ ಅಳಿಸಿದ್ದು?" ಎಂದು ಕೇಳುತ್ತಾಳೆ. ಅಕ್ಕನ ಎದುರೇ ಕೇಳುತ್ತಾಳೆ. ಆಮೇಲೆ ಬೀದಿಯಲ್ಲಿ ಇವನ ಮುಖಕ್ಕೆ ಏನು ಬೆಲೆ?

ಅಕ್ಕ ಕಾಫಿ ಹಿಡಿದು ಬಂದಳು.

"ನಿನ್ನ ಹಳೇ ಡಿಸ್ಕು ಸತ್ತೋಗಿದೆ ಅಕ್ಕ" ಎಂದ ನೆಕ್ಸ್ಟಪ್ಪ, ಅವಳ ಮುಖ ನೋಡದೆ. "ವಯಸ್ಸಾಗಿತ್ತು. ಯಾರೇನೂ ಮಾಡೋಕಾಗಲ್ಲ."

ಸತ್ತಿದೆ ಎಂದ ಡಿಸ್ಕು ಅವರ ಕಣ್ಣೆದುರೇ ಗುರ್ ಎಂದು ತಿರುಗುತ್ತಿತ್ತು. ಇಂಥ ಸುಳ್ಳು ಹೇಳಲಿಕ್ಕೂ ಒಂದು ಎಂಟೆದೆ ಬೇಕೆಂದು ನೀವಂದುಕೊಂಡೀರಿ. ಇಲ್ಲ, ಪುಕ್ಕಲುತನ ಇದ್ದರೆ ಸಾಕು.

ಅಕ್ಕ ಲೋಟವನ್ನು ಮೇಜಿನ ಮೇಲಿಟ್ಟು ಕೂತಳು. "ಯಾರ ಹತ್ರನಾದ್ರೂ ತೋರಿಸಿದ್ರೆ?" ಎಂದಳು.

"ದಂಡ ಅಕ್ಕ. ನನ್ನ ಕೈಯಲ್ಲಾಗದ್ದು ಇನ್ಯಾರ ಕೈಯಲ್ಲಾಗುತ್ತೆ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೋಗಲಿ ಬಿಡು, ನೀನೇನು ಮಾಡ್ತೀಯ. ಬೆಳಿಗ್ಗೆಯಿಂದ ನನಗೋಸ್ಕರ ಒದ್ದಾಡಿದ್ದೀಯ. ಮುಖ ನೋಡು ಹೇಗೆ ಬೆವೆತಿದೆ" ಎಂದು ಫ್ಯಾನನ್ನು ಅವನ ಕಡೆಗೆ ತಿರುಗಿಸಿದಳು. ಆ ಗಾಳಿಯನ್ನೂ ಅವನು ಸುಮ್ಮನೆ ತೆಗೆದುಕೊಂಡ.

ಅವಳು ಕುರ್ಚಿ ಎಳೆದುಕೊಂಡು ಹೊಸ ಯಂತ್ರದ ಮುಂದೆ ಕೂತಳು. 'ನೀರು' ಎಂಬ ಪದದ ಕೈಸನ್ನೆಯಿಂದ ಮತ್ತೆ ಶುರು ಮಾಡಿದಳು. ಮೂರು ಬೆರಳು ಮೂಡಿದವು, ಆಮೇಲೆ ತುಟಿ. ಅವಳು ಉಳಿಸುವ ಒಂದೊಂದು ಚಿತ್ರವೂ ಅದೇ ಹಳೇ ಡಿಸ್ಕಿನ ಅಡಿಯಲ್ಲಿ ಇನ್ನೂ ಉಸಿರಾಡುತ್ತಿದ್ದ ಹಳೆಯ ಚಿತ್ರಗಳ ಮೇಲೆ ಮಣ್ಣೆಳೆಯುತ್ತದೆಂದು ಆ ಮನೆಯಲ್ಲಿ ಗೊತ್ತಿದ್ದವನು ಒಬ್ಬನೇ. ಈಗಲೂ ಒಂದು ಮಾತು ಸಾಕಿತ್ತು.

"ಸೇವ್ ಮಾಡ್ಲೇನೋ?" ಅಕ್ಕ ಕೇಳಿದಳು.

"ಮಾಡಕ್ಕ" ಎಂದ ನೆಕ್ಸ್ಟಪ್ಪ, ಕಾಫಿ ಹೀರುತ್ತಾ. "ಆಗಾಗ ಮಾಡ್ತಾನೇ ಇರು."