ಬ್ಯಾಂಕಿಗೆ ಅನುಮಾನ ನನ್ನ ಮೇಲೆ

ಕೊಡಗಿನ ಕೈಲ್ ಮುಹೂರ್ತ ಹಬ್ಬ ಮುಗಿದ ಮೊದಲ ಶುಕ್ರವಾರ. ಬೆಳಿಗ್ಗೆ ಒಂಬತ್ತೂವರೆ. ಸ್ಥಳ, ನಮ್ಮ ಪೇಟೆಯ ಹಂಸನ ಪಾತ್ರೆ ಅಂಗಡಿ. ಹಾಜರಿದ್ದವರು ಮೂವರು: ಹಂಸ, ನಾನು ಮತ್ತು ನನ್ನ ಮೈದುನನ ಹೆಂಡತಿ ದೇವಕಿ. (ದೇವಕಿಯನ್ನು ನಾನು ಕರೆದಿರಲಿಲ್ಲ. ಪೇಟೆಗೆ ಹೊರಟ ಯಾರ ಜೀಪಿನಲ್ಲಾದರೂ ಅವಳು ಇದ್ದೇ ಇರುತ್ತಾಳೆ.)

ಕೌಂಟರಿನ ಮೇಲೆ ಭಾನುವಾರದ ಸ್ಪರ್ಧೆಯ ಬಹುಮಾನಗಳು ಸಾಲಾಗಿ ನಿಂತಿದ್ದವು. ಕುಕ್ಕರ್, ಇಡ್ಲಿ ಪಾತ್ರೆ, ಹಾಟ್‌ಬಾಕ್ಸ್. ನಾನು ಫೋನ್ ತೆಗೆದು ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ಕೆಂಪು ಗುರುತು ಬಂತು. ಮತ್ತೆ ಒತ್ತಿದೆ. ಮತ್ತೆ ಕೆಂಪು. ಹಿಂದೆಯೇ ಒಂದು ಮೆಸೇಜ್: ಸಂಶಯಾಸ್ಪದ ವ್ಯವಹಾರದ ಕಾರಣ ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ.

ಸಂಶಯಾಸ್ಪದ. ಯಾರು? ನಾನು. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿ ಒಂದು ಹತ್ತಿಯ ಉಂಡೆಗೂ ಲೆಕ್ಕ ಕೊಟ್ಟು ನಿವೃತ್ತಳಾದವಳು. ಇವತ್ತಿಗೂ ಐದು ಗಂಟೆಗೆ ಏಳುವವಳು. ಯಾರಿಗೂ ಒಟಿಪಿ ಹೇಳದವಳು.

"ಎಂಥ ಆಯ್ತಕ್ಕ?" ಎಂದು ದೇವಕಿ ನನ್ನ ಭುಜದ ಮೇಲಿಂದ ಇಣುಕಿದಳು. ನಾನು ಫೋನ್ ಮುಚ್ಚುವ ಮೊದಲೇ ಓದಿಯೂ ಬಿಟ್ಟಳು. ಜೋರಾಗಿಯೇ ಓದಿದಳು.

ಹಂಸ ಮೆಲ್ಲನೆ ಕುಕ್ಕರನ್ನು ತನ್ನ ಕಡೆಗೆ ಎಳೆದುಕೊಂಡ. ಬೇಕೆಂದು ಮಾಡಿದ್ದಲ್ಲ, ಅಂಗಡಿಯವರ ಕೈಗೆ ಅದು ಅಭ್ಯಾಸ. ಆದರೆ ನಾನು ನೋಡಿದೆ.

"ಏ ಹಂಸ, ಎಲ್ಲ ಕಟ್ಟಿ ಇಡು ಮಾರಾಯ, ದುಡ್ಡು ಆಮೇಲೆ ಕೊಡ್ತೇವೆ" ಎಂದಳು ದೇವಕಿ.

"ದೇವಕಿ ಅಕ್ಕ ಹೇಳಿದ್ರೆ ಆಯ್ತಲ್ಲ" ಎಂದ ಹಂಸ. ಕುಕ್ಕರ್ ವಾಪಸ್ ಬಂತು.

"ನಾನು ಹೇಳಿದ್ದರೆ ಕೊಡ್ತಿರಲಿಲ್ಲವಾ ಹಂಸ?" ಎಂದು ಕೇಳಿದೆ.

"ಕೊಡ್ತಿದ್ದೆ ಸಿಸ್ಟರೇ. ಆದರೆ ನೀವು ಯಾವತ್ತೂ ಕೇಳಿಲ್ಲ ಅಲ್ಲ? ಕೇಳದವರಿಗೆ ಹೇಗೆ ಕೊಡೋದು?"

ಈಗ ನಿಮಗೆ ಹಿನ್ನೆಲೆ ಹೇಳಬೇಕು. ನಮ್ಮ ಕುಟುಂಬದಲ್ಲಿ ಕೈಲ್ ಮುಹೂರ್ತಕ್ಕೆ ಕೋವಿ ಪೂಜೆಯಾದ ಮೇಲೆ ಬರುವ ಭಾನುವಾರ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಮರದ ತುದಿಗೆ ಕಾಯಿ ಕಟ್ಟುವುದು, ಕೆಳಗಿನಿಂದ ಗುರಿ ಇಡುವುದು. ಹೆಂಗಸರೂ ಹೊಡೆಯುತ್ತೇವೆ. ಕುಟುಂಬದವರೆಲ್ಲ ಎಲ್ಲೆಲ್ಲಿಂದಲೋ ಬರುತ್ತಾರೆ. ಇಷ್ಟು ವರ್ಷ ಇದನ್ನು ನಡೆಸಿದವಳು ದೇವಕಿ. ನಡೆಸುವುದು ಎಂದರೆ ಹೇಗೆ? ಕಾಯಿ ಬಂದರೆ ಹಗ್ಗ ಇಲ್ಲ. ಹಗ್ಗ ಬಂದರೆ ಮರ ಹತ್ತುವವನು ಇಲ್ಲ. ಊಟ ಮಧ್ಯಾಹ್ನ ಮೂರಕ್ಕೆ. ಮೊದಲ ಬಹುಮಾನ ಯಾರಿಗೆ ಎಂದು ಗೊತ್ತಾಗುವ ಹೊತ್ತಿಗೆ ಗೆದ್ದವನು ಬಸ್ಸು ಹತ್ತಿ ಹೋಗಿರುತ್ತಾನೆ. ಆದರೂ ಜನ ಹೋಗುವಾಗ ದೇವಕಿಯ ಕೈ ಹಿಡಿದುಕೊಂಡು ನಗುತ್ತಾ ಹೋಗುತ್ತಾರೆ. ಅದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. (ಹೊಟ್ಟೆಕಿಚ್ಚು ಎಂದು ನೀವು ಹೇಳಬಹುದು. ನಾನೂ ಅದನ್ನೇ ಹೇಳುತ್ತಿದ್ದೇನೆ.)

ಈ ವರ್ಷ ಕುಟುಂಬದ ಪಟ್ಟೆದಾರರಾದ ನಮ್ಮ ದೊಡ್ಡ ಭಾವನಿಗೆ ಹೇಳಿ ಕೆಲಸವನ್ನು ನಾನು ವಹಿಸಿಕೊಂಡೆ. ಹಿರಿಯರು, ಮನೆಯ ಯಜಮಾನರು. ಅವರ ಮಾತೇ ಕೊನೆ.

ನಾನು ಮಾಡಿದ ಮೊದಲ ಕೆಲಸ ಶಿಸ್ತು. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಹೀಗೆ ಬರೆದೆ: ಎಲ್ಲರೂ ಪ್ರವೇಶ ಶುಲ್ಕವನ್ನು ಬುಧವಾರ ಸಂಜೆ ಏಳರಿಂದ ಎಂಟರೊಳಗೆ ನನ್ನ ಖಾತೆಗೆ ಹಾಕಬೇಕು. ಎಲ್ಲರಿಗೂ ಒಂದೇ ಮೊತ್ತ. ರಿಮಾರ್ಕ್ಸ್ ಜಾಗದಲ್ಲಿ ಬೇರೆ ಏನೂ ಬೇಡ, ‘ಗನ್’ ಎಂದು ಮಾತ್ರ ಬರೆಯಬೇಕು. ನನಗೆ ಹುಡುಕಲು ಸುಲಭ.

ಪಾಪ, ಒಬ್ಬರನ್ನು ಬಿಟ್ಟು ಎಲ್ಲರೂ ಪಾಲಿಸಿದರು. ಕರಿಕೆಯಿಂದ, ಅಮ್ಮತ್ತಿಯಿಂದ, ಹುದಿಕೇರಿಯಿಂದ, ಮೈಸೂರಿನಿಂದ, ಸೈನ್ಯದಲ್ಲಿರುವ ಹುಡುಗರು ಗಡಿಯಿಂದ. ಟಿಣ್ ಟಿಣ್ ಎಂದು ಫೋನ್ ಒಂದು ಗಂಟೆ ಹಾಡಿತು. ನಮ್ಮ ಕುಟುಂಬದಲ್ಲಿ ಇಷ್ಟು ಶಿಸ್ತಿನ ಸಂಜೆಯನ್ನು ನಾನು ಕಂಡಿರಲಿಲ್ಲ.

ಹಂಸನ ಅಂಗಡಿಯಿಂದ ನೇರ ಬ್ಯಾಂಕಿಗೆ ನಡೆದೆವು. ದಾರಿಯಲ್ಲಿ ಭಾವನ ಫೋನ್. ಸುದ್ದಿ ಆಗಲೇ ತಲುಪಿತ್ತು. (ಯಾರಿಂದ ಎಂದು ಕೇಳಬೇಡಿ, ಅವಳು ನನ್ನ ಪಕ್ಕದಲ್ಲೇ ನಡೆಯುತ್ತಿದ್ದಳು.)

"ಸಂಜೆ ಒಳಗೆ ಸರಿ ಆಗದಿದ್ರೆ ದೇವಕಿಗೆ ಬಿಟ್ಟುಬಿಡು ಮಾರಾಯ್ತಿ. ಅವ್ಳು ಹೇಗೋ ಮಾಡ್ತಾಳೆ" ಎಂದರು.

ಹೇಗೋ. ಆ ಒಂದು ಮಾತಿಗಾಗಿಯೇ ನಾನು ಕೆಲಸ ವಹಿಸಿಕೊಂಡಿದ್ದು.

ಬ್ಯಾಂಕಿನ ಬಾಗಿಲಲ್ಲಿ ವಾಚ್‌ಮನ್ ಎದ್ದು ನಿಂತ. ನನಗಲ್ಲ. "ದೇವಕಿ ಅಮ್ಮ, ಕಾಲು ನೋವು ಹೇಗುಂಟು?" ಎಂದು ಅವಳನ್ನು ವಿಚಾರಿಸಿದ. ಒಳಗೆ ಮ್ಯಾನೇಜರ್ ಹುಬ್ಬಳ್ಳಿ ಕಡೆಯ ಹುಡುಗ. ಅವನೂ ಎದ್ದ. "ಬರ್ರಿ ಅಮ್ಮಾರ, ಈ ಸಲಾನೂ ಕೆವೈಸಿ ಮರ್ತೀರೇನ್ರಿ?" ಎಂದು ನಕ್ಕ.

ನೋಡಿ ಸ್ವಾಮಿ. ನಾನು ಕೆವೈಸಿ ಕೊಡುವುದು ಮೊದಲ ನೋಟೀಸು ಬಂದ ದಿನವೇ. ಕೊಟ್ಟು, ರಶೀದಿ ಪಡೆದು, ಹೊರಟು ಬರುತ್ತೇನೆ. ಬ್ಯಾಂಕಿನಲ್ಲಿ ನನ್ನ ಮುಖ ಯಾರಿಗೂ ಗೊತ್ತಿಲ್ಲ. ದೇವಕಿ ಮರೆಯುತ್ತಾಳೆ. ಅವರು ಫೋನ್ ಮಾಡುತ್ತಾರೆ. ಇವಳು ಕಿತ್ತಳೆ ಹಿಡಿದುಕೊಂಡು ಹೋಗುತ್ತಾಳೆ. ಹೀಗೆ ಪ್ರತಿ ಸಲ ಸ್ನೇಹ ಬೆಳೆಯುತ್ತದೆ. ಸರಿಯಾಗಿ ಇರುವವರನ್ನು ಯಾರಾದರೂ ಯಾಕೆ ನೆನಪಿಟ್ಟುಕೊಳ್ಳಬೇಕು?

ಮ್ಯಾನೇಜರ್ ಕಂಪ್ಯೂಟರ್ ನೋಡಿದ. ನನ್ನನ್ನು ನೋಡಿದ. ಮತ್ತೆ ಕಂಪ್ಯೂಟರ್ ನೋಡಿದ.

"ಮೇಡಂ, ಒಂದ ತಾಸಿನ್ಯಾಗ ದೇಶದ ಎಲ್ಲಾ ಮೂಲಿಯಿಂದ ರೊಕ್ಕ ಬಂದೈತ್ರಿ. ಎಲ್ಲಾ ಒಂದ ಮೊತ್ತ. ಎಲ್ಲಾರೂ ‘ಗನ್’ ಅಂತ ಬರದಾರ. ನೀವು ಬಂದೂಕು ಮಾರ್ತೀರೇನ್ರಿ?"

"ತೆಂಗಿನಕಾಯಿಗೆ ಹೊಡೆಯಲಿಕ್ಕೆ" ಎಂದೆ.

ಅವನ ಮುಖ ಇನ್ನೂ ಗಂಭೀರವಾಯಿತು. ಕೊಡಗಿನ ಹಬ್ಬಗಳು ಅವನಿಗೆ ಹೊಸತು, ಪಾಪ.

ದೇವಕಿ ಕುರ್ಚಿ ಎಳೆದು ಕೂತು ಎಲ್ಲವನ್ನೂ ಹೇಳಿದಳು. ಕೋವಿಗೆ ಹೂವು ಮುಡಿಸುವುದು, ಕಾಯಿ ಕಟ್ಟುವುದು, ಕಳೆದ ವರ್ಷ ಅವಳ ಗುಂಡು ಕಾಯಿ ಬಿಟ್ಟು ಗೊನೆಗೆ ಬಿದ್ದದ್ದು. ಹುಡುಗ ಬಾಯಿ ಬಿಟ್ಟು ಕೇಳಿದ. ಕೊನೆಗೆ ಹೇಳಿದ, ಮೇಲಿನ ಆಫೀಸಿಗೆ ವಿವರಣೆ ಕಳಿಸುತ್ತೇನೆ, ಆದರೆ ಹಣ ಕಳಿಸಿದವರಲ್ಲಿ ಒಬ್ಬರಾದರೂ ಇದೇ ಶಾಖೆಯವರು ಬಂದು ಇದು ಕುಟುಂಬದ ಹಣ ಎಂದು ಸಹಿ ಮಾಡಬೇಕು.

ನಮ್ಮ ಕುಟುಂಬದಲ್ಲಿ ಆ ಶಾಖೆಯ ಖಾತೆದಾರರು ಇನ್ನೊಬ್ಬರು ಯಾರು? ಹೌದು. ಅವಳೇ.

"ಇವರ ಎಂಟ್ರಿ ಎಲ್ಲೈತಿ?" ಎಂದು ಹುಡುಕಿದ. ಬುಧವಾರದ ಪಟ್ಟಿಯಲ್ಲಿ ದೇವಕಿ ಇಲ್ಲ. ಗುರುವಾರ ಮಧ್ಯಾಹ್ನ ಇದ್ದಳು. ಮೊತ್ತವೂ ಬೇರೆ, ಸ್ವಲ್ಪ ಜಾಸ್ತಿ. ರಿಮಾರ್ಕ್ಸ್‌ನಲ್ಲಿ ‘ಗನ್’ ಇಲ್ಲ. ಮ್ಯಾನೇಜರ್ ಓದಿದ: "ಅಕ್ಕ ಬಯ್ಯಬೇಡಿ ಮರ್ತೇ ಹೋಯ್ತು."

ಅವನು ನಕ್ಕುಬಿಟ್ಟ. "ಇದೊಂದ ನೋಡ್ರಿ ಮೇಡಂ ಮನುಷ್ಯಾರು ಕಳಿಸಿದಂಗ ಕಾಣ್ತೈತಿ. ಇದನ್ನೂ ಲಗತ್ತಿಸಿ ಕಳಸ್ತೀನ್ರಿ."

ಆ ಒಂದು ಸಾಲನ್ನು ಗುರುವಾರ ನೋಡಿ ನಾನು ಬೈದಿದ್ದೆ, ಸಾಲದ್ದಕ್ಕೆ ಗ್ರೂಪಿನಲ್ಲೇ.

"ಇವರು ನಿಮಗ ಎಷ್ಟು ವರ್ಷದಿಂದ ಗೊತ್ತ್ರಿ?" ಎಂದು ನಿಯಮದ ಪ್ರಕಾರ ದೇವಕಿಯನ್ನು ಕೇಳಿದ.

"ನಾನು ಮದುವೆ ಆಗಿ ಬಂದ ದಿವಸದಿಂದ. ಮನೆಗೆ ಬಂದ್ರೆ ಮೊದಲು ನನ್ನ ಗಡಿಯಾರ ಸರಿ ಮಾಡ್ತಾರೆ, ಆಮೇಲೆ ಕೂರೋದು."

"ನಂಬಬಹುದೇನ್ರಿ?"

"ಅಯ್ಯೋ, ನನ್ನನ್ನೇ ನಂಬುದಿಲ್ಲ ಇವ್ರು. ಕಳ್ಳತನ ಎಲ್ಲಿಂದ ಮಾಡ್ತಾರೆ ಹೇಳಿ, ಅದಕ್ಕೂ ರಶೀದಿ ಕೇಳ್ತಾರೆ."

ಹೇಳಿ, ಓದದೆಯೇ ಸಹಿ ಮಾಡಿದಳು. ನಾನು ಓದಿದೆ.

ಸಂಜೆ ನಾಲ್ಕೂವರೆಗೆ ಖಾತೆ ತೆರೆಯಿತು. ಹಂಸನಿಗೆ ಹಣ ಕಳಿಸಿದೆ, ಈ ಸಲ ರಿಮಾರ್ಕ್ಸ್‌ನಲ್ಲಿ ‘ಕುಕ್ಕರ್’ ಎಂದು ಬರೆದು. ಹಗ್ಗ ಎಣಿಸಿದೆ. ಕಾಯಿ ತರಿಸಿದೆ. ಮರ ಹತ್ತುವವನಿಗೆ ಎರಡು ಸಲ ಫೋನ್ ಮಾಡಿದೆ. ಭಾವನಿಗೆ ತಿಳಿಸಿದೆ: ಎಲ್ಲ ಸರಿ ಹೋಯಿತು, ಭಾನುವಾರ ಒಂಬತ್ತಕ್ಕೆ ಸರಿಯಾಗಿ ಶುರು, ದೇವಕಿಗೆ ತೊಂದರೆ ಕೊಡುವ ಅಗತ್ಯವಿಲ್ಲ.

ಗ್ರೂಪಿನಲ್ಲಿ ಅಷ್ಟರಲ್ಲಿ ದೇವಕಿಯ ಧ್ವನಿ ಸಂದೇಶ ಓಡಾಡುತ್ತಿತ್ತು. ನನ್ನ ಬ್ಯಾಂಕ್ ಪ್ರಸಂಗವನ್ನು ಮ್ಯಾನೇಜರ್ ಧ್ವನಿಯನ್ನೂ ಅನುಕರಿಸಿ ಹೇಳಿದ್ದಳು. ಕರಿಕೆಯಿಂದ ಗಡಿಯವರೆಗೆ ಎಲ್ಲರೂ ನಗುತ್ತಿದ್ದರು. ನಾನೂ ಕೇಳಿದೆ. ಚೆನ್ನಾಗಿ ಹೇಳಿದ್ದಳು, ಅದೇ ಸಂಕಟ.

ಎಂಟು ಗಂಟೆಗೆ ಭಾವನ ತೀರ್ಮಾನ ಬಂತು: ಇನ್ನು ಮುಂದೆ ಇಬ್ಬರೂ ಸೇರಿ ನಡೆಸಿ, ಲೆಕ್ಕಪತ್ರ ಸಿಸ್ಟರ್‌ಗೆ, ಉಳಿದದ್ದು ದೇವಕಿಗೆ.

‘ಸರಿ’ ಎಂದು ಉತ್ತರಿಸಿ ಫೋನ್ ಚಾರ್ಜಿಗೆ ಹಾಕಿದೆ. ಅದು ಆ ದಿನದ ಕೊನೆಯ ಕೆಲಸ.

ಲೆಕ್ಕ ನನಗೆ ಬಂತು, ಸಂತೋಷ. ಆದರೆ ಲೆಕ್ಕ ತೆಗೆದುಬಿಟ್ಟರೆ ಉಳಿದದ್ದು ಜನರೇ ಅಲ್ಲವೇ?