ಮಾಕಳಿಯ ಟೆಂಟ್ ಆಂಪ್ಲಿಫೈಯರ್

ಮೊನ್ನೆ ಆರ್.ಟಿ. ನಗರದಲ್ಲಿ ನೂರು ವ್ಯಾಟಿನ ಹಳೇ ಕಾಲದ ಬಲ್ಬಿಗಾಗಿ ನಾಲ್ಕು ಅಂಗಡಿ ಸುತ್ತಿದೆ. ನಾಲ್ಕರಲ್ಲೂ ಎಲ್‌ಇಡಿ ತೋರಿಸಿದರು. ಒಬ್ಬನಂತೂ ಕರೆಂಟು ಉಳಿಸುವ ಬಗ್ಗೆ ನನಗೇ ಪಾಠ ಮಾಡಿದ. ಬೆಳಕಿಗಲ್ಲಪ್ಪ ಎನ್ನಲು ಹೋಗಿ, ಬಿಟ್ಟು ಮುಂದಿನ ಅಂಗಡಿಗೆ ನಡೆದೆ. ಐದನೆಯ ಅಂಗಡಿಯ ಅಟ್ಟದಲ್ಲಿ ಒಂದು ಸಿಕ್ಕಿತು. ರಟ್ಟು ಬಿಚ್ಚಿ, ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿ, ಒಳಗಿನ ತಂತಿ ಗಟ್ಟಿಯಾಗಿದೆಯೇ ಎಂದು ಕೇಳಿಸಿಕೊಂಡೆ... ಹಾಗೆ ಕೇಳಿಸಿಕೊಳ್ಳುವುದನ್ನು ಕಲಿಸಿದವರು ಶೆಟ್ಟಿಹಳ್ಳಿಯ ಅಕ್ಕ.

ನಾನು ಗದಗಿನ ಕಡೆಯವನು. ಯಶವಂತಪುರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ. ಆಗ ಶೆಟ್ಟಿಹಳ್ಳಿಯಲ್ಲಿ ಬಾಡಿಗೆಗಿದ್ದೆ, ಅಕ್ಕನದು ಪಕ್ಕದ ಮನೆ. ಊರಿನ ಮೂಲ ಮನೆತನದವರು. ಅವರ ರಾಗಿ ಹೊಲವೆಲ್ಲ ಸೈಟುಗಳಾಗಿ ಎಷ್ಟೋ ಕಾಲವಾಗಿತ್ತು. ಅಕ್ಕ ಮಾತ್ರ ಜಾಲಹಳ್ಳಿಯ ಕಡೆ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ರೇಡಿಯೋದ ಗಾಜಿನ ವಾಲ್ವುಗಳನ್ನು ಪರೀಕ್ಷೆ ಮಾಡಿದವರು. ನಿವೃತ್ತಿಯಾದ ಮೇಲೆ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಹಳೆಯ ವಾಲ್ವ್ ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುತ್ತಿದ್ದರು. ನನ್ನದೊಂದನ್ನು ಹೊತ್ತುಕೊಂಡು ಹೋದವನು ಆಮೇಲೆ ಪ್ರತಿ ಭಾನುವಾರ ಅಲ್ಲೇ ಠಿಕಾಣಿ ಹೂಡಿದೆ. ಲ್ಯಾಬಿನವನೆಂದು ಅವರು ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವಕ್ಕಿಂತ ಕೀಟಲೆಯೇ ಹೆಚ್ಚು.

ರಿಪೇರಿಗೆ ಬಂದ ಯಾವುದನ್ನೂ ಅವರು ನೇರವಾಗಿ ಕರೆಂಟಿಗೆ ಹಾಕುತ್ತಿರಲಿಲ್ಲ. ನಡುವೆ ನೂರು ವ್ಯಾಟಿನ ಬಲ್ಬು ಇರಲೇಬೇಕು. ಬಲ್ಬು ಒಮ್ಮೆ ಭಗ್ ಎಂದು ಹತ್ತಿ ಮಂಕಾದರೆ ಸಾಮಾನು ಕ್ಷೇಮ, ಉರಿಯುತ್ತಲೇ ಇದ್ದರೆ ಒಳಗೆ ಏನೋ ಎಡವಟ್ಟು. ಕರೆಂಟು ಇರುವಾಗ ಅವರ ಎಡಗೈ ಸೊಂಟದ ಹಿಂದೆ ಸೆರಗಿನಲ್ಲಿರುತ್ತಿತ್ತು. “ಒಂದೇ ಕೈ ಸಾಕು ಮೇಷ್ಟ್ರೇ, ಎರಡೂ ಇಟ್ರೆ ಕರೆಂಟು ಎದೆ ಮೂಲಕ ಓಯ್ತದೆ,” ಎನ್ನುತ್ತಿದ್ದರು. ತಮ್ಮ ಮೇಜಿನಿಂದ ಹೋದ ಒಂದು ಸಾಮಾನೂ ಕೆಟ್ಟು ವಾಪಸ್ ಬಂದಿಲ್ಲವೆಂಬ ಜಂಬ ಅವರಿಗಿತ್ತು. ಆ ಜಂಬ ಅವರಿಗೆ ಒಪ್ಪುತ್ತಿತ್ತು ಕೂಡ.

ಒಮ್ಮೆ ಮಾಕಳಿಯ ಬಿಲ್ಡರ್ ಒಬ್ಬರು ದೊಡ್ಡದೊಂದು ಆಂಪ್ಲಿಫೈಯರ್ ತಂದರು. ಅವರ ತಾತ ನಡೆಸುತ್ತಿದ್ದ ಟೆಂಟ್ ಸಿನಿಮಾದ್ದು. ಹೊಸ ಮನೆಯ ಗೃಹಪ್ರವೇಶಕ್ಕೆ ಅದರಲ್ಲೇ ಹಾಡು ಹಾಕಬೇಕು, ಅದೂ ಫೋನಿನಿಂದ ಬರುವಂತೆ ಬದಲಾಯಿಸಿ ಕೊಡಬೇಕು. ಅಕ್ಕ ಮೂರು ವಾರ ಕೂತರು. ಹಳೆಯ ಕಂಡೆನ್ಸರುಗಳನ್ನೆಲ್ಲ ತೆಗೆದು ಹೊಸದು ಹಾಕಿದರು, ಫೋನಿನ ವೈರಿಗೆ ಬೇರೆ ದಾರಿ ಮಾಡಿದರು. ಬಲ್ಬು ಹತ್ತಿ ಮಂಕಾಯಿತು. ಸ್ಪೀಕರಿನಲ್ಲಿ ಹಾಡೂ ಬಂತು.

ಮುಂದಿನದು ನನ್ನ ಘನಕಾರ್ಯ. ಕುಕ್ಕರ್ ಕೂಗಿತೆಂದು ಅಕ್ಕ ಒಳಗೆ ಹೋದರು. ಮೇಜು ಸರಿಸುವಾಗ ನಾನೇ ಸ್ಪೀಕರಿನ ವೈರು ಬಿಚ್ಚಿದ್ದೆ, ಮರೆತುಬಿಟ್ಟೆ. ಸ್ವಿಚ್ ಹಾಕಿದೆ. ಸದ್ದು ಬರಲಿಲ್ಲವೆಂದು ವಾಲ್ಯೂಮ್ ಏರಿಸಿದೆ, ಇನ್ನೂ ಏರಿಸಿದೆ. ಟ್ರಾನ್ಸ್‌ಫಾರ್ಮರಿನ ಒಳಗಿಂದಲೇ ಹಾಡು ಸಣ್ಣಗೆ ಕೇಳತೊಡಗಿತು. ಸ್ಪೀಕರ್ ಇಲ್ಲದೆಯೂ ಹಾಡುತ್ತಿದೆಯಲ್ಲ ಎಂದು ಬಗ್ಗಿ ಆಲಿಸುತ್ತಾ ಕೂತೆ! ವಾಲ್ವ್ ಆಂಪ್ಲಿಫೈಯರಿಗೆ ಸ್ಪೀಕರ್ ಇಲ್ಲದಿದ್ದರೆ ಅದರ ಶಕ್ತಿಗೆ ಹೊರಗೆ ಹೋಗಲು ದಾರಿಯಿಲ್ಲ, ಟ್ರಾನ್ಸ್‌ಫಾರ್ಮರನ್ನೇ ಸುಡುತ್ತದೆ. ಲ್ಯಾಬಿನವನಾಗಿ ನನಗೆ ಇದು ಗೊತ್ತಿತ್ತು... ವಾರ್ನಿಷ್ ಸುಟ್ಟ ವಾಸನೆ ಅಡುಗೆಮನೆಗೆ ಮುಟ್ಟಿದಾಗಲೇ ನೆನಪಾದದ್ದು.

ಅಕ್ಕ ಬಂದು ಸ್ವಿಚ್ ತೆಗೆದರು. ಒಂದು ಮಾತೂ ಬೈಯಲಿಲ್ಲ. ಮರುದಿನ ಬಿಲ್ಡರ್ ಬಂದಾಗ ನಾನೂ ಇದ್ದೆ.

“ನನ್ ಕೈಯಲ್ಲೇ ಸುಟ್ಟೋಯ್ತು ಕಣಪ್ಪ. ಒಸ ತಂತಿ ಸುತ್ತಿ ಕೊಡ್ತೀನಿ,” ಎಂದರು ಅಕ್ಕ.

“ಓಗ್ಲಿ ಬಿಡಿ ಅಕ್ಕಾ. ನಿಮ್ಗೂ ವಯಸ್ಸಾಯ್ತಲ್ಲ,” ಎಂದು ಅವರು ಹೊರಟರು.

ಅಕ್ಕನ ಮುಖ ಸಣ್ಣದಾಯಿತು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಯಾಕ್ರೀ ಹೀಗೆ ಹೇಳಿದ್ರಿ ಎಂದು ಕೇಳಿದ್ದಕ್ಕೆ, “ನನ್ ಮೇಜಿನ್ ಮೇಲೆ ಸುಟ್ಟಿದ್ದು ನಂದೇ ಅಲ್ವಾ?” ಎಂದರು.

ಅಕ್ಕ ಸುಟ್ಟ ಟ್ರಾನ್ಸ್‌ಫಾರ್ಮರಿನ ಹಳೆಯ ಸುತ್ತುಗಳನ್ನು ಎಣಿಸುತ್ತಾ ಬಿಚ್ಚಿ, ಹೊಸ ತಾಮ್ರದ ತಂತಿಯನ್ನು ಅಷ್ಟೇ ಸಲ ಕೈಯಲ್ಲಿ ಸುತ್ತಿದರು. ನೂರು ಸುತ್ತಾದಾಗೊಮ್ಮೆ ಬಟ್ಟಲಿಗೆ ಒಂದು ಹುಣಸೆಬೀಜ. ಸುತ್ತುವಾಗ ಯಾರೂ ಮಾತಾಡುವಂತಿರಲಿಲ್ಲ, ಲೆಕ್ಕ ತಪ್ಪಿದರೆ ಮೊದಲಿನಿಂದ. ಎರಡು ಸಲ ತಪ್ಪಿತು, ಎರಡು ಸಲವೂ ಬಿಚ್ಚಿ ಮತ್ತೆ ಶುರು ಮಾಡಿದರು. ಅವರ ಬೆರಳ ತುದಿಗಳು ಕೆಂಪಾಗಿದ್ದವು.

ಗೃಹಪ್ರವೇಶದ ದಿನ ಮಾಕಳಿಯಲ್ಲಿ ಆ ಆಂಪ್ಲಿಫೈಯರ್ ಹಾಡಿತು ನೋಡಿ... ಟೆಂಟಿನಲ್ಲಿ ನೆಲದ ಮೇಲೆ ಕೂತು ಸಿನಿಮಾ ನೋಡಿದ್ದ ಮುದುಕರೆಲ್ಲ ಊಟದ ಎಲೆ ಬಿಟ್ಟು ಎದ್ದು ಬಂದರು. ಬಿಲ್ಡರ್ ಖುಷಿಯಾಗಿ ನೆಂಟರಿಗೆಲ್ಲ ಅಕ್ಕನನ್ನು ತೋರಿಸಿದರು. “ವಯಸ್ಸಾಗೈತೆ, ಮೊದ್ಲು ಸುಟ್ಟಾಕ್ಬುಟ್ರು. ಆದ್ರೂ ಎಂಗ್ ಮಾಡಿದಾರೆ ನೋಡಿ,” ಎಂದರು. ಎಲ್ಲರೂ ನಕ್ಕರು. ಅಕ್ಕ ಕೂಡ ನಕ್ಕಂತೆ ಮಾಡಿದರು. ನನಗೆ ತಡೆಯಲಾಗಲಿಲ್ಲ.

“ಸುಟ್ಟಾಂವ ನಾನ್ರೀ ಸರ್,” ಎಂದೆ. ಗಾಬರಿಯಲ್ಲಿ ನನ್ನ ಊರಿನ ಮಾತೇ ಬಂದಿತ್ತು. “ಸ್ಪೀಕರ್ ಬಿಚ್ಚಿ ಆನ್ ಮಾಡಿದ್ದು ನಾನು. ಅಕ್ಕಾರ ತಪ್ಪು ಏನೂ ಇಲ್ಲ.”

ನಗು ನಿಂತಿತು. ಬಿಲ್ಡರ್ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಅಕ್ಕನಿಗೆ ಕೈ ಮುಗಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾಗಸಂದ್ರದವರೆಗೂ ಅಕ್ಕ ಟಿಕೆಟನ್ನು ಮಡಿಸಿ ಬಿಚ್ಚುತ್ತಾ ಕೂತಿದ್ದರು. ಆಮೇಲೆ, “ನಾನ್ ಮುಚ್ಚಿದ್ದನ್ನ ನೀವ್ಯಾಕ್ ಬಿಚ್ಚುದ್ರಿ?” ಎಂದರು.

“ನಿಮಗ ವಯಸ್ಸಾತು ಅಂದ್ರಲ್ರೀ ಅಕ್ಕಾ...”

ಅವರು ಕಿಟಕಿಯ ಕಡೆ ತಿರುಗಿದರು. ಆ ಕಡೆ ನೋಡುತ್ತಲೇ, “ಬರೋ ಭಾನ್ವಾರ ಸ್ವಿಚ್ ನೀವೇ ಆಕಿ. ನಾನ್ ಬಲ್ಬ್ ನೋಡ್ತೀನಿ,” ಎಂದರು. ನನ್ನ ಕಾಲೇಜಿನ ಯಾವ ಸರ್ಟಿಫಿಕೇಟೂ ನನಗೆ ಅಷ್ಟು ಹೆಮ್ಮೆ ಕೊಟ್ಟಿಲ್ಲ.

ಅಕ್ಕ ತೀರಿಕೊಂಡು ಮೂರು ವರ್ಷವಾಯಿತು. ಅವರ ಮೇಜು ಈಗ ಗಂಗಾನಗರದ ನನ್ನ ಮನೆಯಲ್ಲಿದೆ, ರಿಪೇರಿಗೆ ಕೂರುವವನು ನಾನು. ಸತ್ತಂತಿದ್ದ ಆಂಪ್ಲಿಫೈಯರ್ ಒಂದು ಹಾಡತೊಡಗಿದಾಗ, ಅಕ್ಕಾ ಬಂದು ಕೇಳ್ರೀ ಎನ್ನಬೇಕೆನಿಸುತ್ತದೆ. ಕರೆಯಲು ಅವರಿಲ್ಲ, ಅದು ಪ್ರತಿ ಸಲ ನೋಯುತ್ತದೆ.

ನಿನ್ನೆ ಸಂಜೆ ಮಾಕಳಿಯ ಬಿಲ್ಡರ್ ಫೋನ್ ಮಾಡಿದ್ದರು. ತಾತನ ಆಂಪ್ಲಿಫೈಯರ್ ಗುಂಯ್ ಎನ್ನುತ್ತಿದೆ, ಅಕ್ಕನನ್ನು ಕರೆದುಕೊಂಡು ಬನ್ನಿ ಎಂದರು. ಅಕ್ಕ ಇಲ್ಲವೆಂದೆ. ಯಾವಾಗ ಎಂದರು, ಮೂರು ವರ್ಷವಾಯಿತೆಂದೆ.

“ಅವತ್ತು ಸುಟ್ಟವ್ರು ನೀವೇ ಅಲ್ವಾ?” ಎಂದು ಕೇಳಿದರು.

“ಹೌದು ಸರ್, ನಾನೇ.”

“ಅಂಗಾದ್ರೆ ನೀವೇ ಬನ್ನಿ,” ಎಂದರು.