ಬಾಗಿಲ ಮುಂದಿನ ಹನ್ನೆರಡನೇ ನಂಬರ್ ಬೂಟು

ನಾನು ಶಿಕಾಗೋದಿಂದ ಬಂದವಳು ಅಂದ ಕೂಡಲೇ ಈಗಿನ ನನ್ನ ರೆಡ್ಮಂಡ್ ಆಫೀಸಿನ ಊಟದ ಟೇಬಲ್ಲಿನಲ್ಲಿ ಯುದ್ಧದಿಂದ ವಾಪಸಾದವಳನ್ನು ನೋಡಿದ ಹಾಗೆ ನೋಡುತ್ತಾರೆ. ಅಲ್ಲಿ ದಿನಾ ಗುಂಡು ಹಾರುತ್ತದಂತೆ ಹೌದಾ, ರೈಲಿನಲ್ಲಿ ಒಬ್ಬರೇ ಓಡಾಡುತ್ತಿದ್ದಿರಾ ಎಂದೆಲ್ಲ ಕೇಳಿ, ಸದ್ಯ ಬಚಾವಾಗಿ ಇಲ್ಲಿಗೆ ಬಂದಿರಲ್ಲ ಎಂದು ತೀರ್ಪನ್ನೂ ಅವರೇ ಕೊಡುತ್ತಾರೆ. ಆ ಊರನ್ನು ವಿಮಾನ ನಿಲ್ದಾಣದ ಆಚೆ ನೋಡಿದವರೇ ಕಡಿಮೆ. ದೂರದ ಬೆಟ್ಟ ನುಣ್ಣಗೆ ಅನ್ನುವುದುಂಟು, ಇವರಿಗೆ ದೂರದ ಬೆಟ್ಟವೆಲ್ಲ ಬರೀ ಮುಳ್ಳು. ಮೊದಮೊದಲು ಜಗಳಕ್ಕೇ ನಿಲ್ಲುತ್ತಿದ್ದೆ. ಈಗ ಮೊಸರನ್ನ ತಿನ್ನುತ್ತಾ ತಲೆ ಆಡಿಸುತ್ತೇನೆ.

ಅವರು ಹೇಳುವುದೆಲ್ಲ ಸುಳ್ಳಲ್ಲ. ಮದುವೆ ಮುರಿದ ಮೇಲೆ ಶಿಕಾಗೋದಲ್ಲಿ ನಾನು ಒಬ್ಬಳೇ ಹಿಡಿದ ಬಾಡಿಗೆ ಮನೆ ಮೂರು ಮಹಡಿಯ ಹಳೇ ಇಟ್ಟಿಗೆ ಕಟ್ಟಡದಲ್ಲಿತ್ತು. ಒಂದು ಮಧ್ಯಾಹ್ನ ಬಸ್ ಸ್ಟಾಪಿನಲ್ಲಿ ಒಬ್ಬ ನನ್ನ ಫೋನ್ ಕಿತ್ತುಕೊಂಡು ಓಡಿದ. ಬಸ್ಸಿಗೆ ಕಾಯದೆ ನಡೆದೇ ಮನೆಗೆ ಬಂದೆ. ಕೆಳಗಿನ ಮನೆಯ ಮುದುಕಿ ಎಂದಿನಂತೆ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಗಂಡ ರೈಲ್ವೆಯಲ್ಲಿ ದುಡಿದು ತೀರಿಕೊಂಡಿದ್ದ. ನನ್ನ ಮುಖ ನೋಡಿದ್ದೇ ತಡ, ಕೋಟು ಹಾಕಿಕೊಂಡು ಪೊಲೀಸ್ ಠಾಣೆಗೆ ಜೊತೆಗೆ ಬಂದಳು. ಫೋನ್ ಸಿಗಲಿಲ್ಲ. ಮಾರನೇ ದಿನ ಗಂಡನ ಹಳೇ ಬೂಟು ತಂದು ನನ್ನ ಬಾಗಿಲ ಮುಂದಿಟ್ಟಳು. ಹನ್ನೆರಡನೇ ನಂಬರಿನದು, ಒಂದೊಂದೂ ರುಬ್ಬುವ ಗುಂಡಿನ ಭಾರ.

"ಒಳಗೆ ಗಂಡಸಿದ್ದಾನೆ ಅಂದ್ಕೊಳ್ಳಲಿ," ಅಂದಳು. "ಬದುಕಿದ್ದಾಗ ಅವನು ಇಷ್ಟು ಉಪಯೋಗಕ್ಕೆ ಬರಲಿಲ್ಲ."

ಆಮೇಲೆ ಪ್ರತಿ ಸಂಜೆ ಪೊರಕೆ ಕೋಲಿನಿಂದ ತನ್ನ ಮನೆಯ ಚಾವಣಿಗೆ ಎರಡು ಸಲ ಕುಟ್ಟುವಳು. ಬಂದಿದ್ದೇನೆ ಎಂದು ನಾನು ಮೇಲಿನಿಂದ ಎರಡು ಸಲ ಕಾಲು ಕುಟ್ಟಬೇಕು. ಒಂದು ದಿನ ಮರೆತದ್ದಕ್ಕೆ ಮಂಡಿನೋವಿನಲ್ಲೇ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ ಬೈದಳು. ಅಮ್ಮನ ನಂತರ ನನ್ನನ್ನು ಅಷ್ಟು ಹಕ್ಕಿನಿಂದ ಬೈದವರು ಇನ್ನೊಬ್ಬರಿಲ್ಲ. ಅವಳು ಸತ್ತ ವರ್ಷ ನಾನು ಕೆಲಸ ಬದಲಿಸಿ ಇಲ್ಲಿಗೆ ಬಂದೆ. ಬೂಟನ್ನೂ ತಂದು ಇಲ್ಲಿನ ಬಾಗಿಲ ಮುಂದಿಟ್ಟೆ.

ರೆಡ್ಮಂಡ್ ಹತ್ತಿರದ ನಾರ್ತ್ ಕ್ರೀಕ್‌ನ ಈ ಅಪಾರ್ಟ್‌ಮೆಂಟಿನಲ್ಲಿ ಭಯ ಅನ್ನುವುದೇ ಇಲ್ಲ. ಹಾಗಂತ ಕಳ್ಳರಿಲ್ಲ ಅಂತಲ್ಲ. ಮೊದಲ ಚಳಿಗಾಲದಲ್ಲೇ ಪಾರ್ಕಿಂಗಿನಲ್ಲಿ ನನ್ನ ಕಾರಿನ ಗಾಜು ಒಡೆದು ಜಿಮ್ ಬ್ಯಾಗು ಹೊತ್ತೊಯ್ದರು. ಜಿನುಗು ಮಳೆಯಲ್ಲಿ ಅರ್ಧ ಗಂಟೆ ಗಾಜಿನ ಚೂರು ಗುಡಿಸಿದೆ. ಜಾಕೆಟ್ಟಿನ ಹುಡ್ ತಲೆಗೆಳೆದುಕೊಂಡು ನಾಲ್ಕಾರು ಜನ ಹಾದುಹೋದರು, ಒಬ್ಬರು ಸಾರಿ ಅಂದರು. ಸಂಜೆ ಅಪಾರ್ಟ್‌ಮೆಂಟಿನ ಆಫೀಸಿನಿಂದ ಎಲ್ಲರಿಗೂ ಒಂದು ಈಮೇಲ್ ಬಂತು, ಕಾರಿನಲ್ಲಿ ಬೆಲೆಬಾಳುವ ವಸ್ತು ಇಡಬೇಡಿ ಎಂದು. ಹೋದದ್ದು ಬೆವರಿನ ಬಟ್ಟೆ, ಆದರೂ ಮನೆಗೆ ಬಂದು ಅತ್ತೆ. ಅಭ್ಯಾಸಬಲ, ನೆಲಕ್ಕೆ ಎರಡು ಸಲ ಕಾಲು ಕುಟ್ಟಿದೆ. ಸದ್ದು ಮಾಡುತ್ತಾಳೆಂದು ಕೆಳಗಿನವರು ದೂರು ಕೊಟ್ಟರು.

ಎರಡು ವರ್ಷ ನನ್ನ ಮನೆಯ ಬೆಲ್ಲನ್ನು ಯಾರೂ ಒತ್ತಲಿಲ್ಲ. ಪಾರ್ಸೆಲ್ ತರುವವರೂ ಬಾಗಿಲಲ್ಲಿಟ್ಟು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಎದುರು ಮನೆಯಲ್ಲಿ ಮಂಗಳೂರು ಕಡೆಯ ಒಬ್ಬ ನರ್ಸ್ ಇದ್ದಳು. ಫೋನಿನಲ್ಲಿ ಆಡುವ ಕನ್ನಡ ಬಾಗಿಲಾಚೆಯಿಂದ ಕೇಳುತ್ತಿತ್ತು. ನಾನು ಕೆಲಸದಿಂದ ಬರುವ ಹೊತ್ತಿಗೆ ಅವಳು ಕೆಲಸಕ್ಕೆ ಹೊರಡುವಳು, ನಕ್ಕು ಸರಿದುಹೋಗುವಳು. ನಾನೇ ಹೋಗಿ ಬೆಲ್ ಒತ್ತಬಹುದಿತ್ತು. ವಯಸ್ಸಿನಲ್ಲಿ ದೊಡ್ಡವಳು ನಾನು, ಹೊಸದಾಗಿ ಬಂದವಳೂ ನಾನು, ಅವಳೇ ಕರೆಯಲಿ ಎಂದು ಮೈಸೂರಿನ ಬಿಗುಮಾನ ಬಿಗಿದುಕೊಂಡು ಕೂತೆ.

ಈ ವಸಂತದ ಒಂದು ಶನಿವಾರ ಮಧ್ಯಾಹ್ನ ಬೆಲ್ ಆಯಿತು. ಒಂದು ಕ್ಷಣ ಅದು ನನ್ನ ಮನೆಯದೇ ಎಂದು ತಿಳಿಯಲಿಲ್ಲ. ಬಾಗಿಲು ತೆರೆದರೆ ಅವಳು. ನನ್ನ ಕಾರಿನ ನಂಬರ್ ಪ್ಲೇಟಿನ ಚೌಕಟ್ಟಿನ ಮೇಲೆ ಇನ್ನೂ ಶಿಕಾಗೋದ ಕಾರಂಗಡಿಯ ಹೆಸರಿತ್ತು, ಅದನ್ನು ನೋಡಿ ಬಂದಿದ್ದಳು. ಅಲ್ಲಿನ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು, ಮುಂದಿನ ವಾರ ಹೊರಡಬೇಕಿತ್ತು. ಒಬ್ಬಳೇ ಇರುವವಳಿಗೆ ಆ ಊರು ಈ ಊರಿಗಿಂತ ಎಷ್ಟು ಅಪಾಯ ಎಂದು ಕೇಳಬೇಕಿತ್ತಂತೆ. ಒಳಗೆ ಬಾ ಅಂದರೂ ಹೊಸ್ತಿಲಲ್ಲೇ ನಿಂತು ದನಿ ತಗ್ಗಿಸಿ, ಸಾರ್ ಮಲಗಿದ್ದಾರಾ ಎಂದಳು. ಯಾವ ಸಾರ್ ಅಂದೆ. ಬೂಟಿನ ಕಡೆ ಕೈ ತೋರಿಸಿದಳು.

"ನೀವು ಕೆಲಸಕ್ಕೆ ಹೋದಾಗಲೂ ಇದು ಇಲ್ಲೇ ಉಂಟಲ್ಲ. ನಿಮ್ಮ ಗಂಡ ಮನೆಯಿಂದಲೇ ಕೆಲಸ ಮಾಡುವುದು ಅಂತ ನಾನು ತಿಳಿದದ್ದು. ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿಯ ತಟ್ಟೆ ಹಿಡ್ಕೊಂಡು ಎರಡು ಸರ್ತಿ ಬಾಗಿಲವರೆಗೆ ಬಂದಿದ್ದೆ ಮಾರಾಯ್ರೆ. ಅವರಿಗೆ ಯಾಕೆ ಸುಮ್ಮನೆ ಉಪದ್ರ ಅಂತ ವಾಪಸು ಹೋದೆ."

ಬಾಗಿಲ ಮುಂದಿನ ಚಪ್ಪಲಿ ಎಣಿಸಿ ಒಳಗೆ ಯಾರಿದ್ದಾರೆಂದು ಹೇಳುವುದು ನಮ್ಮವರಿಗೆ ಹುಟ್ಟುತ್ತಲೇ ಬಂದ ವಿದ್ಯೆ. ನನಗೇ ಅದು ಮರೆತುಹೋಗಿತ್ತು. ಕಳ್ಳ ಆ ಬೂಟು ನೋಡಿ ಹೆದರಿದನೋ ಇಲ್ಲವೋ, ಹಬ್ಬದ ತಿಂಡಿ ತಂದವಳು ಹೆದರಿ ಹೋಗಿದ್ದಳು. ನಗು ಬಂತು. ಅವಳೂ ನಕ್ಕಳು. ಚಹಾ ಮಾಡಲು ಒಳಗೆ ಹೋದಾಗ ನನಗೆ ತಡೆಯಲಾಗದಷ್ಟು ದುಃಖವಾಯಿತು.

ಸಂಜೆಯವರೆಗೆ ಕೂತಳು. ರೈಲಿನಲ್ಲಿ ಬಾಗಿಲ ಹತ್ತಿರ ಕೂತು ಫೋನ್ ನೋಡಬೇಡ ಅಂದೆ. ಫೋನ್ ಕಳೆದದ್ದನ್ನೂ ಮುದುಕಿಯ ಪೊರಕೆ ಕೋಲನ್ನೂ ಹೇಳಿದೆ. ಹಾಗಾದರೆ ಯಾವ ಊರು ಒಳ್ಳೇದು ಎಂದು ಮತ್ತೆ ಕೇಳಿದಳು. ಎದ್ದು ಬಾಗಿಲಿಗೆ ಹೋಗಿ ಬೂಟು ತಂದು ಅವಳ ಕೈಗಿಟ್ಟೆ.

"ಇದನ್ನಿಡೋಕೆ ಮುಂಚೆ ಕೆಳಗಿನ ಮನೆ, ಪಕ್ಕದ ಮನೆ ಬೆಲ್ ಒತ್ತಿ, ಒಬ್ಬಳೇ ಇದೀನಿ ಅಂತ ಹೇಳಮ್ಮ."

ಅವಳು ಹೋದ ಮೇಲೆ ಎದುರು ಮನೆಗೆ ಹೊಸಬರು ಬಂದಿದ್ದಾರೆ. ಬಾಗಿಲ ಮುಂದೆ ಚಪ್ಪಲಿ ಬಿಡುವವರಲ್ಲ, ಒಳಗೆ ಎಷ್ಟು ಜನವೋ ತಿಳಿಯುವುದಿಲ್ಲ. ನನ್ನ ಬಾಗಿಲಲ್ಲಿ ಈಗ ನನ್ನದೊಂದೇ ಜೊತೆ.

ಕಳೆದ ಭಾನುವಾರ ಶಿಕಾಗೋದಿಂದ ಫೋನ್ ಮಾಡಿದ್ದಳು. ಅಕ್ಕಪಕ್ಕ ಎಲ್ಲರಿಗೂ ಹೇಳಿ ಆಯಿತಂತೆ, ಕೆಳಗಿನ ಮನೆಯವರು ಊಟಕ್ಕೆ ಕರೆದಿದ್ದಾರಂತೆ. ನೀವು ಹೊಸಬರನ್ನು ಮಾತಾಡಿಸಿದಿರಾ ಎಂದು ಕೇಳಿದಳು. ಹೂಂ ಅಂದೆ. ಆ ಬಾಗಿಲಿಗೂ ನನ್ನ ಬಾಗಿಲಿಗೂ ಆರು ಹೆಜ್ಜೆ. ಇನ್ನೂ ಹೋಗಿಲ್ಲ.